ಎರಡು ಗೀಟಿನ ತೂಕ

ಜಪಾನೀಸ್ ಕಲಿಸುವಾಗ ಶುರುವಿನಲ್ಲೇ ಬರುವ ಪಾಠ ‘ದಕುತೆನ್’. ಅಕ್ಷರದ ಬಲ ಮೂಲೆಯಲ್ಲಿ ಎರಡು ಪುಟ್ಟ ಗೀಟು ಎಳೆದರೆ ಸಾಕು, ಕ ಹೋಗಿ ಗ ಆಗುತ್ತದೆ. ತ ದ ಆಗುತ್ತದೆ, ಹ ಬ ಆಗುತ್ತದೆ. ನಾನು ಬೋರ್ಡಿನ ಮೇಲೆ ಎರಡು ಪದ ಬರೆಯುತ್ತೇನೆ: ಕೊರೊಕೊರೊ, ಗೊರೊಗೊರೊ. ಎರಡೂ ಉರುಳುವ ಸದ್ದು. ಗೋಲಿ ಯಾವುದು, ಬಂಡೆ ಯಾವುದು? ಅರ್ಥ ಹೇಳುವ ಮೊದಲೇ ಮಕ್ಕಳು ಗೊರೊಗೊರೊನೇ ಬಂಡೆ ಅನ್ನುತ್ತಾರೆ. ನಮಗೇನು ಹೊಸದಲ್ಲ ಬಿಡಿ. ಮಾವಿನ ಮಿಡಿ ಟಪ್ ಅಂತ ಬೀಳುತ್ತದೆ, ಹಲಸಿನ ಹಣ್ಣು ದಬ್ ಅಂತ.

ವಿಡಿಯೊ ಆಟದ ಕಲ್ಪಿತ ಪ್ರಾಣಿಗಳಾದ ಪೊಕೆಮಾನ್ ಹೆಸರುಗಳಲ್ಲೂ ಇದೇ ಕಿವಿ ಕೆಲಸ ಮಾಡಿದೆ. ನಮ್ಮ ಮಕ್ಕಳಿಗೆ ಇಂಗ್ಲಿಷ್ ಹೆಸರೇ ಗೊತ್ತಿರುವುದು, ಹಾಗಾಗಿ ಇದು ಕಾಣಿಸುವುದಿಲ್ಲ. ಅವರ ಪೋಲಿವ್ಯಾಗ್ ಜಪಾನಿನಲ್ಲಿ ನ್ಯೊರೊಮೊ. ನ್ಯೊರೊನ್ಯೊರೊ ಅಂದರೆ ಹಾವಿನ ಹಾಗೆ ನುಲಿಯುವುದು. ಈ ಗೊದಮೊಟ್ಟೆಯ ತೂಕ 12.4 ಕಿಲೋ. ಬೆಳೆದರೆ ನ್ಯೊರೊಜೊ, 20 ಕಿಲೋ. ಇನ್ನೂ ಬೆಳೆದರೆ ನ್ಯೊರೊಬೊನ್, 54 ಕಿಲೋ. ಮೆತ್ತನೆಯ ಮೊ ಇದ್ದ ಜಾಗಕ್ಕೆ ಗೀಟಿನ ಅಕ್ಷರ ಬಂದು ಕೂತಿತು, ನೋಡಿದಿರಾ?

ಕೇಯೊ ವಿಶ್ವವಿದ್ಯಾಲಯದ ಶಿಗೆತೊ ಕವಹರ ಮತ್ತು ಸಂಗಡಿಗರು 700ಕ್ಕೂ ಹೆಚ್ಚು ಪೊಕೆಮಾನ್ ಹೆಸರು ಎಣಿಸಿ, 2018ರಲ್ಲಿ ಪ್ರಕಟಿಸಿದರು. ಹೆಸರಿನಲ್ಲಿ ಗ, ಜ, ದ, ಬ ಜಾಸ್ತಿಯಾದಷ್ಟೂ ಪ್ರಾಣಿಯ ಗಾತ್ರ, ತೂಕ, ಬಲ ಏರುವ ಕಡೆಗೇ ವಾಲುತ್ತವೆ. ಹೆಸರಿನ ಉದ್ದವೂ ಹಾಗೆಯೇ. ಉದ್ದ ಅಳೆಯುವುದು ಅಕ್ಷರದಲ್ಲಿ ಅಲ್ಲ, ಮಾತ್ರೆಯಲ್ಲಿ. ಲಘು ಗುರು ಹಾಕಿ ಅಭ್ಯಾಸ ಇದ್ದವರಿಗೆ ಇದು ಸಲೀಸು. ಡ್ರ್ಯಾಗನ್ ಕ್ವೆಸ್ಟ್ ಆಟದ ಬೆಂಕಿ ಮಂತ್ರಗಳನ್ನೇ ಎಣಿಸಿ: ಮೆರ ಎರಡು ಮಾತ್ರೆ, ಅದಕ್ಕಿಂತ ಜೋರಿನ ಮೆರಮಿ ಮೂರು, ಅದಕ್ಕೂ ಜೋರಿನ ಮೆರಜೋಮ ಐದು. ಜೊತೆಗೆ ಒಂದು ‘ಜ’ ಬೇರೆ!

ಯಾಕೆ ಹೀಗೆ? ಗಂಟಲ ಮೇಲೆ ಬೆರಳಿಟ್ಟು ‘ಬ’ ಅನ್ನಿ, ಆದರೆ ತುಟಿ ಬಿಡಬೇಡಿ. ಗಂಟಲು ಅದುರುತ್ತದೆ, ಒಳಗೆ ಸೇರಿದ ಗಾಳಿಗೆ ಜಾಗ ಸಾಲದೆ ಬಾಯಿ ಒಳಗೇ ಹಿಗ್ಗುತ್ತದೆ. ‘ಪ’ಗೆ ಈ ಕಷ್ಟ ಇಲ್ಲ. ಮೇಲಾಗಿ ‘ಬ’ ಸದ್ದಿನ ಶ್ರುತಿಯೂ ತಗ್ಗು. ತಗ್ಗು ಸದ್ದು ಅಂದರೆ ದೊಡ್ಡ ಮೈ ಅಂತ ಕಿವಿಗೆ ಗೊತ್ತು. ಡೊಳ್ಳು ಕಾಣದಿದ್ದರೂ ಅದು ತಮಟೆ ಅಲ್ಲ ಅಂತ ಹೇಳುತ್ತೇವಲ್ಲ, ಹಾಗೆ. 1954ರ ಸಿನಿಮಾದ ದೈತ್ಯ ಗೊಜಿರನ (ಇಂಗ್ಲಿಷಿನ ಗಾಡ್ಜಿಲ್ಲ) ಗೀಟು ಅಳಿಸಿ ‘ಕೊಶಿರ’ ಅಂದು ನೋಡಿ. ಯಾರಾದರೂ ಹೆದರುತ್ತಾರಾ?

ಈ ಪಾಠ ಮುಗಿಸಿದ ದಿನ ಹಿಂದಿನ ಬೆಂಚಿನ ಹುಡುಗ ಕೈ ಎತ್ತಿದ. “ಸೆನ್ಸೇ, ಗೋಸು ಅನ್ನುವ ಪೊಕೆಮಾನ್ ಹೆಸರು ‘ಗ’ದಿಂದಲೇ ಶುರು. ಆದರೆ ಅದು ಬರೀ ಅನಿಲ, ತೂಕ 0.1 ಕಿಲೋ!”

ಸರಿಯಾಗಿ ಹಿಡಿದಿದ್ದ. ಇದು ಒಲವು, ಕಟ್ಟಳೆ ಅಲ್ಲ ಎಂದೆ. ಹೆಸರಿನ ಅರ್ಥವೂ ಅಕ್ಷರ ಕೇಳುತ್ತದೆ, ಗ್ಯಾಸ್ ಮತ್ತು ಗೋಸ್ಟ್ ಬೆರೆತ ಹೆಸರಿನಲ್ಲಿ ‘ಗ’ ಬಿಡುವುದಾದರೂ ಹೇಗೆ? ಆಮೇಲೆ ಅದು ಬೆಳೆದು ಏನಾಗುತ್ತದೆ ಅಂತ ಕೇಳಿದೆ. ಗೋಸುತೊ, ಅದೂ 0.1 ಕಿಲೋನೇ ಎಂದ. ಆಮೇಲೆ? ‘ಗೆಂಗಾ, 40.5’ ಅನ್ನುತ್ತಾ ಬೆರಳಲ್ಲಿ ‘ಗ’ ಎಣಿಸತೊಡಗಿದ. ಎರಡನೇ ಬೆರಳಿಗೆ ಬಂದವನು ನಕ್ಕು ಕೂತುಬಿಟ್ಟ.