ಡಿಎನ್‌ಎಸ್ ಸರ್ವರ್ ಅನ್ನು ದೂರದಿಂದಲೇ ರೀಲೋಡ್ ಮಾಡಬಹುದಾ?

ಪ್ರಶ್ನೆ: ಆಫೀಸಿನ ಡಿಎನ್‌ಎಸ್ ಸರ್ವರ್‌ನಲ್ಲಿ (ಹೆಸರುಗಳಿಗೆ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಬೈಂಡ್ 9 ಅನ್ನುವ ಡಿಎನ್‌ಎಸ್ ಸಾಫ್ಟ್‌ವೇರ್ ಇದೆ. ಆ ಸರ್ವರ್‌ಗೇ ಲಾಗಿನ್ ಆಗಿ, ಬೈಂಡ್ ಅನ್ನು ನಿಯಂತ್ರಿಸುವ ಆರ್‌ಎನ್‌ಡಿಸಿಯಿಂದ 'ಆರ್‌ಎನ್‌ಡಿಸಿ ರೀಲೋಡ್' ಕೊಟ್ಟರೆ ಸರಿಯಾಗಿ ನಡೆಯುತ್ತದೆ. ನನ್ನ ಲ್ಯಾಪ್‌ಟಾಪ್‌ನಿಂದ ಅದೇ ಕಮಾಂಡ್ ಕೊಟ್ಟರೆ 'ಕನೆಕ್ಷನ್ ರೆಫ್ಯೂಸ್ಡ್' ಅಂತ ಬರುತ್ತದೆ. ಫೈರ್‌ವಾಲ್‌ನಲ್ಲಿ ಆರ್‌ಎನ್‌ಡಿಸಿ ಬಳಸುವ 953ನೇ ಪೋರ್ಟ್ ತೆರೆದೆ, ಆದರೂ ಅಷ್ಟೇ. ಏನು ಮಾಡಬೇಕು?

ಉತ್ತರ: ಇಲ್ಲಿ ತಪ್ಪು ಫೈರ್‌ವಾಲ್‌ನದ್ದಲ್ಲ. ಕಾನ್ಫಿಗ್ ಫೈಲಿನಲ್ಲಿ ನೀವು ಏನೂ ಬರೆಯದಿದ್ದರೆ, ಬೈಂಡ್ ತನ್ನ ಕಂಟ್ರೋಲ್ ಪೋರ್ಟನ್ನು ಆ ಯಂತ್ರದ ಒಳಗಿನಿಂದಷ್ಟೇ ತಲುಪಬಹುದಾದ ಲೂಪ್‌ಬ್ಯಾಕ್ ವಿಳಾಸದಲ್ಲಿ, ಅಂದರೆ 127.0.0.1ರಲ್ಲಿ (ಐಪಿವಿ6 ಆದರೆ ::1ರಲ್ಲಿ) ಮಾತ್ರ ತೆರೆಯುತ್ತದೆ. ಹೊರಗಿನಿಂದ ಬಂದ ಕರೆಗೆ ಅಲ್ಲಿ ಓಗೊಡುವವರೇ ಇಲ್ಲ. ಇದು ಬೇಕೆಂದೇ ಇಟ್ಟಿರುವ ಎಚ್ಚರಿಕೆ.

ಹೊರಗಿನಿಂದ ಬೇಕು ಅಂದರೆ ಕಾನ್ಫಿಗ್‌ನಲ್ಲಿ 'ಕಂಟ್ರೋಲ್ಸ್' ಅನ್ನುವ ಭಾಗ ಸೇರಿಸಬೇಕು. ಅದರಲ್ಲಿ ಮೂರು ವಿಷಯ ಹೇಳಬೇಕು: ಸರ್ವರ್‌ನ ಯಾವ ವಿಳಾಸದಲ್ಲಿ ಕೇಳಬೇಕು, ಯಾವ ಯಂತ್ರಗಳಿಂದ ಬಂದರೆ ಒಪ್ಪಬೇಕು, ಯಾವ ಕೀ ನಡೆಯುತ್ತದೆ. ಒಂದು ಮಾತು ನೆನಪಿರಲಿ. ಈ ಭಾಗವನ್ನು ನೀವೇ ಬರೆದ ಕ್ಷಣ ಹಳೆಯ ಲೂಪ್‌ಬ್ಯಾಕ್ ಏರ್ಪಾಡು ತಾನಾಗಿ ಬರುವುದಿಲ್ಲ. ಹೊಸ ವಿಳಾಸದ ಜೊತೆ 127.0.0.1 ಅನ್ನೂ ಬರೆಯಿರಿ. ಇಲ್ಲದಿದ್ದರೆ ದೂರದಿಂದ ನಡೆಯುವ ಕಮಾಂಡ್ ಸರ್ವರ್‌ನಲ್ಲೇ ಕೊಟ್ಟರೆ ನಡೆಯುವುದಿಲ್ಲ.

ಕೀ ತಯಾರಿಸಲು 'ಆರ್‌ಎನ್‌ಡಿಸಿ ಕಾನ್ಫ್‌ಜೆನ್' ಇದೆ. ಕೀಗೆ ಒಂದು ಹೆಸರು, ಒಂದು ಅಲ್ಗಾರಿದಮ್, ಒಂದು ಗುಟ್ಟಿನ ಸಾಲು ಇರುತ್ತವೆ. ಎರಡೂ ಕಡೆ ಅಲ್ಗಾರಿದಮ್ ಮತ್ತು ಗುಟ್ಟು ಹೊಂದಬೇಕು.  ಲ್ಯಾಪ್‌ಟಾಪ್‌ಗೆ ಸರ್ವರ್‌ನ ಹಳೆಯ ಕೀಯನ್ನೇ ಕಾಪಿ ಮಾಡಬೇಡಿ, ಬೇರೆಯದೇ ಕೀ ಮಾಡಿಕೊಡಿ. ನಾಳೆ ಲ್ಯಾಪ್‌ಟಾಪ್ ಕಳೆದರೆ ಅದೊಂದನ್ನು ತೆಗೆದರೆ ಸಾಕು, ಅಲ್ವಾ?

ಇಷ್ಟಾದ ಮೇಲೂ ಜಾಸ್ತಿ ಜನ ಸಿಕ್ಕಿಕೊಳ್ಳುವ ಜಾಗ ಒಂದಿದೆ. ಈ ಸಲ 'ರೆಫ್ಯೂಸ್ಡ್' ಬರುವುದಿಲ್ಲ. ಕನೆಕ್ಷನ್ ಆಗಿ ಕೂಡಲೇ ಮುಚ್ಚಿಹೋಗುತ್ತದೆ, ಹಲವು ಕಾರಣಗಳನ್ನು ಒಟ್ಟಿಗೆ ಹೇಳುವ ಉದ್ದನೆಯ ಸಂದೇಶ ಬರುತ್ತದೆ. ಅದನ್ನು ನೋಡಿ ಊಹೆ ಮಾಡುತ್ತಾ ಕೂರಬೇಡಿ. ಸರ್ವರ್‌ನ ಲಾಗ್ ತೆಗೆದು ನೋಡಿ, ಅಸಲಿ ಕಾರಣ ಅಲ್ಲಿರುತ್ತದೆ. 'ಬ್ಯಾಡ್ ಆಥ್' ಅಂದರೆ ಕೀ ಹೊಂದುತ್ತಿಲ್ಲ. 'ರಿಜೆಕ್ಟೆಡ್' ಅಂದರೆ ನಿಮ್ಮ ಯಂತ್ರದ ವಿಳಾಸ ಒಪ್ಪಿದವರ ಪಟ್ಟಿಯಲ್ಲಿಲ್ಲ. 'ಕ್ಲಾಕ್ ಸ್ಕ್ಯೂ' ಅಂದರೆ ಎರಡು ಯಂತ್ರಗಳ ಸಮಯ ಕೂಡುತ್ತಿಲ್ಲ. ಪ್ರತಿ ಸಂದೇಶದಲ್ಲೂ ಸಮಯ ಸೇರಿಸಿ ಸಹಿ ಹಾಕಿರುತ್ತಾರೆ. ಐದು ನಿಮಿಷಕ್ಕಿಂತ ಜಾಸ್ತಿ ವ್ಯತ್ಯಾಸವಿದ್ದರೆ ಬೈಂಡ್ ಒಪ್ಪುವುದಿಲ್ಲ. ಎರಡೂ ಕಡೆ ಗಡಿಯಾರ ಸರಿಹೊಂದಿಸುವ ಎನ್‌ಟಿಪಿ ಓಡುತ್ತಿದೆಯಾ ಅಂತ ಮೊದಲೇ ನೋಡಿಕೊಳ್ಳಿ.

ಈಗ ನನ್ನ ಅಭಿಪ್ರಾಯ. ಒಂದೇ ಸರ್ವರ್ ಇದ್ದರೆ ಇದೆಲ್ಲ ಬೇಡ. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್ ಮೂಲಕವೇ ಆ ಕಮಾಂಡ್ ಕಳಿಸಿ, 953 ಲೂಪ್‌ಬ್ಯಾಕ್‌ನಲ್ಲೇ ಇರಲಿ. ಆರ್‌ಎನ್‌ಡಿಸಿ ಸಂದೇಶಕ್ಕೆ ಸಹಿ ಇರುತ್ತದೆ, ಆದರೆ ಅದು ಎನ್‌ಕ್ರಿಪ್ಟ್ ಆಗಿರುವುದಿಲ್ಲ. ದಾರಿಯಲ್ಲಿರುವವರು ಬದಲಿಸಲಾರರು, ಆದರೆ ಓದಬಲ್ಲರು. ಅದಕ್ಕಿಂತ ದೊಡ್ಡ ವಿಷಯ, ಆ ಕೀ ಸಿಕ್ಕವರು 'ಸ್ಟಾಪ್' ಅಂದರೆ ಇಡೀ ಡಿಎನ್‌ಎಸ್ ನಿಲ್ಲುತ್ತದೆ. ನಾಲ್ಕಾರು ಸರ್ವರ್‌ಗಳನ್ನು ಒಂದು ಕಡೆಯಿಂದ ನೋಡಿಕೊಳ್ಳುವವರಿಗೆ ಮಾತ್ರ ರಿಮೋಟ್ ಪೋರ್ಟ್ ಉಪಯೋಗಕ್ಕೆ ಬರುತ್ತದೆ. ಅದೂ ಒಳಗಿನ ನೆಟ್‌ವರ್ಕ್‌ನಲ್ಲಿ, ಒಂದೆರಡು ವಿಳಾಸಗಳಿಗೆ ಮಾತ್ರ. ಸುಮ್ನೆ ಸ್ಟೇಟಸ್ ನೋಡುವ ಯಂತ್ರಕ್ಕೆ ಪೂರ್ತಿ ಅಧಿಕಾರ ಯಾಕೆ? ಬೈಂಡ್ 9.11ರಿಂದ 'ರೀಡ್ ಓನ್ಲಿ' ಆಯ್ಕೆ ಇದೆ, ಅದನ್ನು ಹಾಕಿ.

ಯಾವ ಕಮಾಂಡ್ ಕೊಡಬೇಕು ಅನ್ನುವುದರಲ್ಲೂ ಗೊಂದಲ ಇದೆ. 'ರೀಲೋಡ್' ಕಾನ್ಫಿಗ್ ಜೊತೆ ಝೋನ್ ಫೈಲ್‌ಗಳನ್ನೂ (ಒಂದೊಂದು ಡೊಮೇನ್‌ನ ಮಾಹಿತಿ ಇರುವ ಫೈಲ್‌ಗಳು) ಮತ್ತೆ ಓದುತ್ತದೆ. ಒಂದೇ ಝೋನ್ ಬದಲಾಗಿದ್ದರೆ ಅದರ ಹೆಸರನ್ನೂ ಕೊಡಿ. 'ರೀಕಾನ್ಫಿಗ್' ಕಾನ್ಫಿಗ್ ಓದಿ ಹೊಸ ಝೋನ್‌ಗಳನ್ನು ಸೇರಿಸಿಕೊಳ್ಳುತ್ತದೆ, ಹಳೆಯ ಝೋನ್ ಫೈಲ್‌ಗಳ ತಂಟೆಗೆ ಹೋಗುವುದಿಲ್ಲ. ನೂರಾರು ಝೋನ್ ಇರುವ ಕಡೆ ಇದರಿಂದ ತುಂಬಾ ಸಮಯ ಉಳಿಯುತ್ತದೆ. ರೀಲೋಡ್ ಆದರೂ ಝೋನ್‌ನ ನಕಲು ಇಟ್ಟುಕೊಳ್ಳುವ ಸೆಕೆಂಡರಿ ಸರ್ವರ್‌ನಲ್ಲಿ ಹಳೆಯ ಮಾಹಿತಿಯೇ ಇದ್ದರೆ, ಝೋನ್ ಬದಲಾಗಿದೆ ಎಂದು ತಿಳಿಸುವ ಸೀರಿಯಲ್ ನಂಬರ್ ಹೆಚ್ಚಿಸಲು ಮರೆತಿರಬಹುದು. ಯಾವುದೋ ಒಂದು ಹೆಸರಿನ ಹಳೆಯ ಉತ್ತರ ಕ್ಯಾಶ್‌ನಲ್ಲಿ ಉಳಿದಿದ್ದರೆ 'ಫ್ಲಶ್‌ನೇಮ್' ಸಾಕು. 'ಫ್ಲಶ್' ಕೊಟ್ಟು ಇಡೀ ಕ್ಯಾಶ್ ಖಾಲಿ ಮಾಡಿದರೆ ಎಲ್ಲರ ಪ್ರಶ್ನೆಗಳಿಗೂ ಮತ್ತೆ ಹೊರಗೆ ಹೋಗಿ ಉತ್ತರ ತರಬೇಕಾಗುತ್ತದೆ. ಡೈನಾಮಿಕ್ ಅಪ್‌ಡೇಟ್ (ಸರ್ವರ್ ಓಡುತ್ತಿರುವಾಗಲೇ ಬರುವ ಬದಲಾವಣೆ) ಇರುವ ಝೋನ್ ಫೈಲನ್ನು ಕೈಯಿಂದ ತಿದ್ದುವ ಮೊದಲು ಅಪ್‌ಡೇಟ್ ತಡೆಯುವ 'ಫ್ರೀಜ್', ಆಮೇಲೆ ಮತ್ತೆ ಬಿಡುವ 'ಥಾ' ಕೊಡುವುದನ್ನು ಯಾವತ್ತೂ ಬಿಡಬೇಡಿ.

ಕಂಟ್ರೋಲ್ಸ್ ಭಾಗ ತಿದ್ದುವಾಗ ಎಸ್‌ಎಸ್‌ಎಚ್ ಸೆಷನ್ ಒಂದನ್ನು ತೆರೆದೇ ಇಟ್ಟುಕೊಳ್ಳಿ. 'ನೇಮ್‌ಡಿ ಚೆಕ್‌ಕಾನ್ಫ್'ನಿಂದ ಫೈಲ್ ಪರೀಕ್ಷಿಸಿ, ಆಮೇಲೆ ರೀಕಾನ್ಫಿಗ್ ಕೊಡಿ. ಆರ್‌ಎನ್‌ಡಿಸಿಯಲ್ಲಿ ಸರ್ವರ್ ನಿಲ್ಲಿಸುವ ಕಮಾಂಡ್ ಇದೆ, ಶುರು ಮಾಡುವ ಕಮಾಂಡ್ ಇಲ್ಲ. ನಿಂತುಹೋದ ಬೈಂಡ್ ಅನ್ನು ಎಬ್ಬಿಸಲು ಆ ಸೆಷನ್ನೇ ಬೇಕಾಗುತ್ತದೆ.