‘ಲೂಯಿ ಲೂಯಿ’: ಕವರ್‌ಗಳನ್ನು ಕೇಳಿ ಹುಟ್ಟಿದ ಕವರ್

ಒಬ್ಬರು ಮೊದಲೇ ಧ್ವನಿಮುದ್ರಿಸಿದ ಹಾಡನ್ನು ಇನ್ನೊಬ್ಬರು ತಮ್ಮ ಕಂಠ, ತಮ್ಮ ವಾದ್ಯಗಳಿಂದ ಹೊಸದಾಗಿ ಮುದ್ರಿಸಿದರೆ ಅದು ‘ಕವರ್’. ಈ ವ್ಯಾಖ್ಯೆ ಸರಿ. ಆದರೆ ಕವರ್ ಮಾಡುವವರು ಮೂಲವನ್ನು ಕೇಳಿಯೇ ಮಾಡುತ್ತಾರೆ ಎಂಬ ಊಹೆಯೂ ಅದರ ಜೊತೆಗೆ ನಮ್ಮ ತಲೆಯಲ್ಲಿ ಕೂತುಬಿಡುತ್ತದೆ. ಎಷ್ಟೋ ಸಲ ಅವರು ಕೇಳಿರುವುದು ಇನ್ನೊಂದು ಕವರನ್ನು ಮಾತ್ರ. ಇದನ್ನು ಅರಿಯಲು ಅಮೆರಿಕದ ‘ಲೂಯಿ ಲೂಯಿ’ಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

ಹಾಡು ಬರೆದವರು ಲಾಸ್ ಏಂಜಲಿಸ್‌ನ ಕಪ್ಪು ಗಾಯಕ ರಿಚರ್ಡ್ ಬೆರ್ರಿ. 1950ರ ದಶಕದ ನಡುವೆ ಒಂದು ನೃತ್ಯಗೃಹದಲ್ಲಿ, ಕ್ಯೂಬಾದ ಸಂಗೀತಗಾರ ರೆನೆ ತೂಸೆ ಅವರ ‘ಎಲ್ ಲೋಕೊ ಚಾ ಚಾ’ವನ್ನು ಸ್ಥಳೀಯ ತಂಡವೊಂದು ನುಡಿಸುವುದನ್ನು ಅವರು ಕೇಳಿದರು. ಅದರ ಆರಂಭದ ಲಯ ಅವರನ್ನು ಹಿಡಿದುಕೊಂಡಿತು. ಕೈಗೆ ಸಿಕ್ಕ ಕಾಗದದ ಮೇಲೆ ಸಾಲುಗಳನ್ನು ಗೀಚಿಕೊಂಡರು. ಎಂದರೆ ನಾವು ‘ಮೂಲ’ ಎಂದು ಕರೆಯುವುದೂ ಇನ್ನೊಂದು ಹಾಡಿನ ಋಣದಲ್ಲಿದೆ. ಕಥೆ ಸರಳವಾಗಿದೆ: ಒಬ್ಬ ನಾವಿಕ ಮದ್ಯದಂಗಡಿಯ ಲೂಯಿಯ ಮುಂದೆ ಕುಳಿತು, ಜಮೈಕಾದಲ್ಲಿ ತನಗಾಗಿ ಕಾಯುತ್ತಿರುವ ಹುಡುಗಿಯನ್ನು ನೆನೆದು, ಇನ್ನು ಹೊರಡಬೇಕು ಎನ್ನುತ್ತಾನೆ. 1957ರಲ್ಲಿ ಫ್ಲಿಪ್ ಕಂಪನಿ ಇದನ್ನು ರೆಕಾರ್ಡಿನ ಹಿಂಬದಿಗೆ ಹಾಕಿ ಹೊರತಂದಿತು. 1959ರಲ್ಲಿ, ಮದುವೆಗೆ ಹಣ ಬೇಕಾದಾಗ, ಬೆರ್ರಿ ಈ ಹಾಡಿನ ಮತ್ತು ಇನ್ನು ಕೆಲವು ಹಾಡುಗಳ ಹಕ್ಕನ್ನು 750 ಡಾಲರಿಗೆ ಮಾರಿದರು. ಈ ಮೊತ್ತವನ್ನು ನೆನಪಿಡಿ.

ಹಾಡಿಗೆ ಅಭಿಮಾನಿಗಳು ಸಿಕ್ಕಿದ್ದು ದೂರದ ವಾಯವ್ಯ ಅಮೆರಿಕದಲ್ಲಿ. ಅಲ್ಲಿನ ಟಕೋಮಾ ನಗರದ ವೇಲರ್ಸ್ ತಂಡ, ಗಾಯಕ ರಾಕಿನ್ ರಾಬಿನ್ ರಾಬರ್ಟ್ಸ್ ಜೊತೆ 1961ರಲ್ಲಿ ಇದನ್ನು ಗಿಟಾರ್ ಮುಂದಿಟ್ಟು ಬಿರುಸಾಗಿ ಹೊರತಂದಿತು. ಗಿಟಾರಿನ ಏಕವ್ಯಕ್ತಿ ವಾದನಕ್ಕೆ ಮುಂಚೆ ರಾಬರ್ಟ್ಸ್ ಹಾಕಿದ ಕೂಗು ಬೆರ್ರಿಯವರ ಹಾಡಿನಲ್ಲಿಲ್ಲ.

ನಿಧಾನವಾಗಿ ಓದಬೇಕಾದ ಭಾಗ ಇನ್ನು ಬರುತ್ತದೆ. ಪೋರ್ಟ್‌ಲ್ಯಾಂಡ್‌ನ ಕಿಂಗ್ಸ್‌ಮೆನ್ ಎಂಬ ಎಳೆಯರ ತಂಡದ ಗಾಯಕ ಜ್ಯಾಕ್ ಈಲಿ, ವೇಲರ್ಸ್ ರೆಕಾರ್ಡನ್ನು ಜ್ಯೂಕ್‌ಬಾಕ್ಸ್‌ನಲ್ಲಿ (ನಾಣ್ಯ ಹಾಕಿದರೆ ಹಾಡು ನುಡಿಸುವ ಯಂತ್ರ) ಕೇಳಿ ಕಲಿತು ಗೆಳೆಯರಿಗೆ ಹೇಳಿಕೊಟ್ಟ. ವೇಲರ್ಸ್ ಲಯ 1-2-3-4, 1-2 ಎಂದು ಸಾಗುತ್ತದೆ. ಈಲಿ ನೆನಪು ತಪ್ಪಿ 1-2-3, 1-2 ಎಂದು ಕಲಿಸಿದ. ಆ ತಪ್ಪಿನಿಂದಲೇ ಹಾಡು, ಯಾರೂ ಉದ್ದೇಶಿಸದೆ, ಬೆರ್ರಿಯವರ ನಿಂತು ನಿಂತು ಬರುವ ಲಯಕ್ಕೆ ಮರಳಿತು! ಜನಪದ ಹಾಡು ಬಾಯಿಂದ ಬಾಯಿಗೆ ಹೋಗುವಾಗ ಆಗುವ ಬದಲಾವಣೆ ಇಲ್ಲಿ ಜ್ಯೂಕ್‌ಬಾಕ್ಸ್ ಮೂಲಕ ಆಯಿತು.

1963ರ ಏಪ್ರಿಲ್‌ನಲ್ಲಿ, ಸುಮಾರು 50 ಡಾಲರ್ ಖರ್ಚಿನಲ್ಲಿ, ಒಂದೇ ಸಲಕ್ಕೆ ಮುದ್ರಣ ಮುಗಿಯಿತು. ಮೈಕ್ ತೀರಾ ಎತ್ತರದಲ್ಲಿ ತೂಗುತ್ತಿತ್ತು. ಹಲ್ಲಿಗೆ ತಂತಿ ಹಾಕಿಸಿಕೊಂಡಿದ್ದ ಈಲಿ ಕತ್ತೆತ್ತಿ ಅರಚಿದ. ಪದಗಳು ಕಲಸಿಹೋದವು. ಗಿಟಾರ್ ವಾದನದ ನಂತರ ಅವನು ಅವಸರದಲ್ಲಿ ಮುಂಚೆಯೇ ಹಾಡಲು ತೊಡಗಿ, ತಪ್ಪು ತಿಳಿದು ನಿಲ್ಲಿಸುತ್ತಾನೆ. ಡ್ರಮ್ ಆ ಖಾಲಿ ಜಾಗವನ್ನು ತುಂಬುತ್ತದೆ. ಮುಂದೆ ಬಂದ ಎಷ್ಟೋ ತಂಡಗಳು ಈ ತಪ್ಪನ್ನೂ ಹಾಡಿನ ಅಂಗವೆಂದೇ ಕಲಿತು ನುಡಿಸಿದವು. ರಾಬರ್ಟ್ಸ್ ಕೂಗನ್ನಂತೂ ಈಲಿ ಹಾಗೆಯೇ ಎತ್ತಿಕೊಂಡಿದ್ದ.

ಬಾಸ್ಟನ್‌ನ ರೇಡಿಯೊ ನಿರೂಪಕ ಆರ್ನಿ ಗಿನ್ಸ್‌ಬರ್ಗ್ ಇದನ್ನು ವಾರದ ಅತ್ಯಂತ ಕೆಟ್ಟ ರೆಕಾರ್ಡ್ ಎಂದು ಹಾಕಿದ ಮೇಲೆ ಬೇಡಿಕೆ ಏರಿತು. ಡಿಸೆಂಬರ್‌ನಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 2ನೇ ಸ್ಥಾನಕ್ಕೆ ತಲುಪಿತು. ಅರ್ಥವಾಗದ ಪದಗಳಲ್ಲಿ ಅಶ್ಲೀಲವಿದೆ ಎಂಬ ಗುಲ್ಲು ಹಬ್ಬಿತು. 1964ರಲ್ಲಿ ಇಂಡಿಯಾನಾದ ಗವರ್ನರ್ ಮ್ಯಾಥ್ಯೂ ವೆಲ್ಶ್ ಇದನ್ನು ರೇಡಿಯೊದಿಂದ ದೂರವಿಡಲು ಮುಂದಾದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐ ಎರಡು ವರ್ಷಕ್ಕೂ ಹೆಚ್ಚು ಕಾಲ ತನಿಖೆ ನಡೆಸಿ, ರೆಕಾರ್ಡನ್ನು ಬೇರೆ ಬೇರೆ ವೇಗಗಳಲ್ಲಿ ತಿರುಗಿಸಿ, ಯಾವ ವೇಗದಲ್ಲೂ ಪದಗಳು ತಿಳಿಯುವುದಿಲ್ಲ ಎಂದು ಬರೆದುಕೊಂಡಿತು. ಆ ನಾವಿಕನ ಮೇಲೆ ಅಂಥ ಆರೋಪ ಬಂದದ್ದು ನನಗೆ ಈಗಲೂ ಅನ್ಯಾಯವೆನಿಸುತ್ತದೆ.

ಹಕ್ಕಿನ ವಿಷಯ ಹಲವರಿಗೆ ಗೊಂದಲ. ರಚನೆಯ ಹಕ್ಕು ಬೇರೆ, ಧ್ವನಿಮುದ್ರಣದ ಹಕ್ಕು ಬೇರೆ. ಅಮೆರಿಕದ 1909ರ ಕಾಯ್ದೆಯಂತೆ, ಒಮ್ಮೆ ಅನುಮತಿ ಪಡೆದು ಮುದ್ರಣವಾದ ಹಾಡನ್ನು ಪ್ರತಿ ರೆಕಾರ್ಡಿಗೆ 2 ಸೆಂಟ್ ಕೊಟ್ಟು ಯಾರು ಬೇಕಾದರೂ ಮತ್ತೆ ಮುದ್ರಿಸಬಹುದಿತ್ತು. ಕವರ್‌ಗಳು ಅಷ್ಟು ಹುಲುಸಾಗಿ ಬೆಳೆದದ್ದಕ್ಕೆ ಇದೂ ಕಾರಣ. ಆ 2 ಸೆಂಟ್ ರಚನೆಯ ಹಕ್ಕುದಾರನಿಗೆ ಸೇರುತ್ತಿತ್ತು. ಬೆರ್ರಿ ತಮ್ಮ ಪಾಲನ್ನು ಆಗಲೇ ಆ 750 ಡಾಲರಿಗೆ ಮಾರಿದ್ದರು. 1980ರ ದಶಕದ ನಡುವೆ, ಪಾನೀಯದ ಜಾಹೀರಾತಿಗೆ ಹಾಡು ಬಳಸಲು ಅವರ ಸಹಿ ಬೇಕಾದಾಗ ವಿಷಯ ವಕೀಲರ ಬಳಿಗೆ ಹೋಯಿತು. ಆಗ ಸರ್ಕಾರಿ ನೆರವಿನಿಂದ ಬದುಕುತ್ತಿದ್ದ ಬೆರ್ರಿಗೆ ಕೊನೆಗೂ ದೊಡ್ಡ ಮೊತ್ತ ದಕ್ಕಿತು. ಅವರು 1997ರಲ್ಲಿ ತೀರಿಕೊಂಡರು.

ಕೇಳುವ ಕ್ರಮ ಹೀಗಿರಲಿ: ಬೆರ್ರಿ, ವೇಲರ್ಸ್, ಕಿಂಗ್ಸ್‌ಮೆನ್. ಮೂರರಲ್ಲೂ ಬೆರಳಿನಿಂದ ತಾಳ ಎಣಿಸಿ. 4 ಎಲ್ಲಿ 3 ಆಯಿತೆಂದು ಕಿವಿಗೇ ತಿಳಿಯುತ್ತದೆ. ಗಿಟಾರ್ ಇರುವವರು ಎ, ಡಿ, ಇ ಮೈನರ್, ಡಿ ಎಂದು ಕಿಂಗ್ಸ್‌ಮೆನ್ ಜೊತೆಗೇ ನುಡಿಸಬಹುದು. ಆಮೇಲೆ ಬ್ಲ್ಯಾಕ್ ಫ್ಲ್ಯಾಗ್ ತಂಡದ 1981ರ ಪಂಕ್ (ಒರಟಾದ, ಬಿರುಸಿನ ರಾಕ್) ರೂಪ ಕೇಳಿ. ಪದಗಳು ಬಹುಪಾಲು ಬೇರೆ, ಆದರೂ ಹಾಡು ಗುರುತು ಸಿಗುತ್ತದೆ. 1970ರ ದಶಕದ ಆರಂಭದ ಟೂಟ್ಸ್ ಅಂಡ್ ದ ಮೇಟಲ್ಸ್ ರೂಪವನ್ನು ಕೊನೆಗೆ ಇಟ್ಟುಕೊಳ್ಳಿ. ಅವರು ಜಮೈಕಾದವರೇ, ನಾವಿಕನ ಹುಡುಗಿ ಕಾಯುತ್ತಿದ್ದ ನಾಡಿನವರು. ಹಾಡನ್ನು ತಮ್ಮ ನಾಡಿನ ರೆಗ್ಗೆ ಶೈಲಿಗೆ ಇಳಿಸಿ, ಅವಸರವಿಲ್ಲದೆ ಹಾಡುತ್ತಾರೆ.