ಹೊಣೆ ಕೇಳಿದರೆ ಹೊಸ ಐಡಿಯಾ ಸಾಯುತ್ತದೆಯೇ?

"ಟೀಮಿನವರನ್ನು ಹೊಣೆ ಮಾಡಿದರೆ ಹೆದರಿಕೊಂಡು ಹೊಸದಕ್ಕೆ ಕೈಯೇ ಹಾಕುವುದಿಲ್ಲ, ಅಲ್ವಾ?" ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದೆನೋ ಲೆಕ್ಕ ಇಟ್ಟಿಲ್ಲ. ಇರಲಿ, ಇನ್ನೊಂದು ಸಲ.

ನೀವು ಹೇಳುತ್ತಿರುವುದು ಹೊಣೆಯ ವಿಷಯ ಅಲ್ಲ, ತಲೆದಂಡದ ವಿಷಯ. ತಪ್ಪು ಮಾಡಿದವರನ್ನು ಎಲ್ಲರೆದುರು ಝಾಡಿಸಿದರೆ ತಪ್ಪು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ ಇದೆಯಲ್ಲ, ಅದು ಏನು ಮಾಡಿದರೂ ಸಾಯುತ್ತಿಲ್ಲ. ಕಡಿಮೆಯಾಗುವುದು ತಪ್ಪಲ್ಲ, ತಪ್ಪಿನ ಸುದ್ದಿ.

1990ರ ದಶಕದಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ಏಮಿ ಎಡ್ಮಂಡ್‌ಸನ್ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಲೆಕ್ಕವನ್ನು ಅಧ್ಯಯನ ಮಾಡಿದರು. ಒಳ್ಳೆಯ ಟೀಮುಗಳಲ್ಲಿ ತಪ್ಪು ಕಡಿಮೆ ಇರುತ್ತದೆ ಅಂದುಕೊಂಡಿದ್ದರು. ಲೆಕ್ಕ ಉಲ್ಟಾ ಬಂತು. ಆಮೇಲೆ ಗೊತ್ತಾಯಿತು, ಆ ಟೀಮುಗಳು ಜಾಸ್ತಿ ತಪ್ಪು ಮಾಡುತ್ತಿರಲಿಲ್ಲ, ಆದದ್ದನ್ನು ಬಾಯಿಬಿಟ್ಟು ಹೇಳುತ್ತಿದ್ದವು. ಬೈಗುಳದ ಭಯ ಇದ್ದ ಕಡೆ ರಿಜಿಸ್ಟರ್ ಮಾತ್ರ ಚೊಕ್ಕವಾಗಿತ್ತು!

ಟೊಯೋಟಾ ಕಾರ್ಖಾನೆಯ ಆಂಡಾನ್ ಹಗ್ಗವನ್ನೇ ನೋಡಿ. ದೋಷ ಕಂಡ ಕೆಲಸಗಾರ ಹಗ್ಗ ಎಳೆಯುತ್ತಾನೆ. ಟೀಮ್ ಲೀಡರ್ ಓಡಿ ಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಕಾರು ಜೋಡಿಸುವ ಲೈನ್ ನಿಲ್ಲುತ್ತದೆ. ಕಂಡದ್ದನ್ನು ಹೇಳುವುದು ಕೆಲಸಗಾರನ ಹೊಣೆ, ಕರೆದಾಗ ಬರುವುದು ಲೀಡರ್ ಹೊಣೆ. ಇಲ್ಲಿ ಹೊಣೆ ಎರಡೂ ಕಡೆ ಇದೆ. ನಮ್ಮ ಮ್ಯಾನೇಜರುಗಳು ಮೊದಲರ್ಧ ಮಾತ್ರ ಕಲಿತಿರುತ್ತಾರೆ.

ಹೊಸ ಪ್ರಯೋಗಕ್ಕೆ ಇದರಿಂದ ಏನು ಉಪಯೋಗ? ನಿಮ್ಮ ಹೋದ ವಾರದ ಮೀಟಿಂಗ್ ನೋಟ್ಸ್ ತೆಗೆಯಿರಿ. "ಎಲ್ಲರೂ ಸೇರಿ ಇದನ್ನು ನೋಡೋಣ" ಅಂತ ಒಂದು ಸಾಲು ಇದ್ದೇ ಇರುತ್ತದೆ. ಆ ಐಡಿಯಾ ಅಲ್ಲೇ ಮಲಗಿದೆ. ಅದರ ಜಾಗದಲ್ಲಿ ಹೀಗೆ ಬರೆಯಿರಿ: ಇಂಥವರು, ಇಂಥ ತಾರೀಕಿನೊಳಗೆ, 20 ಗ್ರಾಹಕರಿಗೆ ಕೊಟ್ಟು ನೋಡುತ್ತಾರೆ, 5 ಜನವಾದರೂ ಮತ್ತೆ ಕೇಳದಿದ್ದರೆ ನಿಲ್ಲಿಸುತ್ತೇವೆ. ಹೆಸರು ಬಿದ್ದವರು ಗೆದ್ದೇ ತೀರಬೇಕು ಅಂತಿಲ್ಲ. ಏನಾಯಿತು ಅಂತ ಬಂದು ಹೇಳಬೇಕು, ಅಷ್ಟೇ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ನಿಲ್ಲಿಸುವ ಹೊಣೆ ಯಾರದು? ಶುರು ಮಾಡಿದವರ ಬೆನ್ನು ತಟ್ಟಲು ಜನ ಸಾಲುಗಟ್ಟುತ್ತಾರೆ. "ಇದು ಆಗಲ್ಲ, ಸಾಕು" ಅಂದವರಿಗೆ ಸಿಗುವುದು ಮುಖ ಸಿಂಡರಿಸಿದ ಬಾಸ್. ಹಾಗಾಗಿ ಸತ್ತ ಪ್ರಾಜೆಕ್ಟು ಸುಮ್ನೆ ವರ್ಷಗಟ್ಟಲೆ ದುಡ್ಡು ತಿನ್ನುತ್ತಿರುತ್ತದೆ. ಗೂಗಲ್ ಬಳಗದ 'ಎಕ್ಸ್' ಪ್ರಯೋಗಶಾಲೆಯಲ್ಲಿ ಸಮುದ್ರದ ನೀರಿನಿಂದ ಇಂಧನ ಮಾಡುವ ಫಾಗ್‌ಹಾರ್ನ್ ಅನ್ನುವ ಪ್ರಾಜೆಕ್ಟ್ ಇತ್ತು. ಇಂಧನವೇನೋ ಬಂತು. ಆದರೆ ಪೆಟ್ರೋಲಿನ ಜೊತೆ ಪೈಪೋಟಿ ಮಾಡುವಷ್ಟು ಅಗ್ಗವಾಗುವ ಲಕ್ಷಣ ಕಾಣಲಿಲ್ಲ. ಟೀಮಿನವರೇ ಮುಚ್ಚಿದರು. ಅವರಿಗೆ ಬೋನಸ್ ಸಿಕ್ಕಿತು.